ಚಂದ್ರಗಿರಿ ಹೊಳೆ ಬದಿಯ ಆಚಾರ್ರಿಗೆ

ಎರಡು ತಿಂಗಳಿಂದ ಕಿಟ್ ತರಿಸಿ 'ಕಟ್ಟಿ ಸಾರ್ಕ್' ಎಂಬ ಹಡಗಿನ ಮರದ ಮಾದರಿ ಮಾಡುತ್ತಿದ್ದೇನೆ. 1869ರಲ್ಲಿ ಸ್ಕಾಟ್ಲೆಂಡಿನಲ್ಲಿ ನೀರಿಗಿಳಿದ, ಚಹಾ ಸಾಗಿಸುತ್ತಿದ್ದ ಹಡಗು. ಮಾದರಿಯ ಮೂತಿಯ ಹತ್ತಿರ ಬಗ್ಗಿಸುವಾಗ ಮೂರು ಮರದ ಪಟ್ಟಿ ಮುರಿದವು. ಉಳಿದದ್ದು ಲೆಕ್ಕಕ್ಕೆ ಸರಿಯಾಗಿ ಅಷ್ಟೇ. ಅಳುವೇ ಬಂತು.

ಮೊನ್ನೆ ಕಾಸರಗೋಡಿನಲ್ಲಿ ಹೊಳೆ ಬದಿ ದೋಣಿ ರಿಪೇರಿ ಮಾಡುತ್ತಿದ್ದ ನಿಮ್ಮ ಹತ್ತಿರ ಸುಮ್ನೆ ಕೇಳಿದೆ. ನೀವು ಉಳಿ ಕೆಳಗಿಟ್ಟು, ಕೈ ಒರೆಸಿಕೊಂಡು, ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಿರಿ. "ಒಣ ಮರ ಬಗ್ಗುದಿಲ್ಲ ಮಗಾ" ಎಂದು ಚಹಾದಂಗಡಿಯಿಂದ ಬಿಸಿನೀರು ತರಿಸಿ ಅದ್ದಿಟ್ಟಿರಿ. ಅರ್ಧ ಗಂಟೆ ಬಿಟ್ಟು, ತುದಿ ಸಪೂರ ಮಾಡಿ, ಡಬ್ಬಿಯ ಸುತ್ತ ಮೆಲ್ಲ ಬಗ್ಗಿಸಿ ನೂಲು ಸುತ್ತಿದಿರಿ. "ಒಣಗುವವರೆಗೆ ಬಿಚ್ಚಬೇಡ." ದುಡ್ಡು ಮುಟ್ಟಲಿಲ್ಲ. ಹೆಸರು ಕೇಳುವಷ್ಟರಲ್ಲಿ ಮತ್ತೆ ದೋಣಿಯ ಅಡಿಗೆ ಹೋಗಿದ್ದಿರಿ.

ನಿನ್ನೆ ನೂಲು ಬಿಚ್ಚಿದೆ. ಪಟ್ಟಿ ಮೂತಿಗೆ ಸರಿಯಾಗಿ ಕೂತಿದೆ. ತುಂಬಾ ಧನ್ಯವಾದ, ಆಚಾರ್ರೇ.