ಚಿತ್ರೋತ್ಸವ ಮನೆಗೆ ಬಂತು, ಚಿತ್ರ ಬರಲಿಲ್ಲ

ಮಾನ್ಯರೇ,

ಚಿತ್ರೋತ್ಸವದ ಸಿನಿಮಾಗಳಿಗೆಂದೇ ಶುರುವಾದ ಆ ಸ್ವತಂತ್ರ ಸ್ಟ್ರೀಮಿಂಗ್ ಸೇವೆಯನ್ನು ನಿಮ್ಮ ಭಾನುವಾರದ ವರದಿ ಹಾಡಿ ಹೊಗಳಿದೆ. ಬರೆದವರು ಅದರಲ್ಲಿ ಒಂದು ಸಿನಿಮಾನಾದರೂ ಕೊನೆತನಕ ನೋಡಿದ್ದಾರಾ? ನಾನು ನಿನ್ನೆ ರಾತ್ರಿ ನೋಡಲು ಕೂತೆ. ಕೂತದ್ದಷ್ಟೇ ಬಂತು.

ದುಡ್ಡು ಕಟ್ಟುವ ತನಕ ಎಲ್ಲ ಸಲೀಸು. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಪ್ಲೇ ಒತ್ತಿದರೆ ಪರದೆ ಕಪ್ಪು. ಮಾತು ಕೇಳಿಸುತ್ತದೆ, ಕೆಳಗೆ ಸಬ್‌ಟೈಟಲ್ ಓಡುತ್ತದೆ, ಮನುಷ್ಯರೇ ಇಲ್ಲ! ಕೇಬಲ್ ಕಿತ್ತರೆ ಚಿತ್ರ ಬರುತ್ತದೆ, ಸಿಕ್ಕಿಸಿದರೆ ಹೋಗುತ್ತದೆ. ಪೈರಸಿ ತಡೆಯಲು ಸಿನಿಮಾಕ್ಕೆ ಹಾಕುವ ಡಿಜಿಟಲ್ ಬೀಗ, ಡಿಆರ್‌ಎಂ ಅಂತೆ. ಕದ್ದು ನೋಡುವವರು ಆರಾಮಾಗಿ ನೋಡುತ್ತಾರೆ, ದುಡ್ಡು ಕೊಟ್ಟವರಿಗೆ ಈ ಬೀಗ. ಸರಿ, ಚಿಕ್ಕ ಪರದೆಯಲ್ಲೇ ನೋಡೋಣ ಅಂದರೆ ಎಲ್ಲ ಮಸುಕು, ಕತ್ತಲೆಯ ದೃಶ್ಯದಲ್ಲಿ ಮುಖ ಯಾವುದು ಗೋಡೆ ಯಾವುದು ಗೊತ್ತಾಗುವುದಿಲ್ಲ. ಆಮೇಲೆ ಅದೂ ಸುತ್ತುತ್ತಾ ನಿಂತಿತು. ಸಹಾಯ ಕೇಳಿದರೆ ‘ನಿಮ್ಮ ಅಭಿಪ್ರಾಯ ಅಮೂಲ್ಯ’ ಎಂಬ ಉತ್ತರ. ಪ್ಲೇ ಒತ್ತಿದ ಮೇಲೆ 24 ಗಂಟೆಯಲ್ಲಿ ನೋಡಿ ಮುಗಿಸಬೇಕಂತೆ. ಅವರ ಗಡಿಯಾರ ಮಾತ್ರ ಎಲ್ಲೂ ಬಫರ್ ಆಗಲ್ಲ ನೋಡಿ.

ಬೆಳಿಗ್ಗೆ ಎರಡನೇ ಸಿನಿಮಾ ತೆರೆದರೆ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’. ಹಕ್ಕುಗಳನ್ನು ದೇಶ ದೇಶಕ್ಕೆ ಬೇರೆ ಬೇರೆ ಮಾರುತ್ತಾರೆ, ಸಣ್ಣ ಸಂಸ್ಥೆ ಎಲ್ಲವನ್ನೂ ಕೊಳ್ಳಲು ಆಗಲ್ಲ, ಒಪ್ಪೋಣ. ಟಿಕೆಟ್ ಮಾರುವ ಮುಂಚೆ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಆಗದ ಕೆಲಸವೇನಲ್ಲ. 2020ರಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ಕಾನ್, ವೆನಿಸ್, ಬರ್ಲಿನ್ ಸೇರಿ 20ಕ್ಕೂ ಹೆಚ್ಚು ಚಿತ್ರೋತ್ಸವಗಳು ‘ವೀ ಆರ್ ಒನ್’ ಹೆಸರಲ್ಲಿ 10 ದಿನ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿನಿಮಾ ತೋರಿಸಿದವು. ಒಳ್ಳೆಯ ಸೇವೆ ಇದ್ದರೂ ನಮಗೆ ದಕ್ಕುವುದಿಲ್ಲ ಅನ್ನುವುದು ಬೇರೆ ಮಾತು. ಹಳೆಯ, ಕಲಾತ್ಮಕ ಸಿನಿಮಾಗಳ ಸ್ಟ್ರೀಮಿಂಗ್ ಸೇವೆ ಫಿಲ್ಮ್‌ಸ್ಟ್ರಕ್ 2016ರಲ್ಲಿ ಅಮೆರಿಕದಲ್ಲಿ ಶುರುವಾಗಿ 2018ರಲ್ಲಿ ಮುಚ್ಚಿತು, ನೋಡುಗರು ಎಷ್ಟು ಬೇಡಿಕೊಂಡರೂ ಮಾಲೀಕರು ಕೇಳಲಿಲ್ಲ. ಮರುವರ್ಷ ಬಂದ ಅಂಥದೇ ಸೇವೆ ಕ್ರೈಟೀರಿಯನ್ ಚಾನೆಲ್ ಅಮೆರಿಕ, ಕೆನಡಾದವರಿಗೆ ಮಾತ್ರ.

ಈ ಸೇವೆಯ ಬೆನ್ನಿಗೆ ಚಿತ್ರೋತ್ಸವದ ಅಧಿಕಾರಿಗಳೇ ಇದ್ದಾರಂತೆ, ನಿಮ್ಮ ವರದಿಯಲ್ಲೇ ಇದೆ. ಹಾಗಾದರೆ ಆಶ್ಚರ್ಯವಿಲ್ಲ ಬಿಡಿ. ಥಿಯೇಟರಿನಲ್ಲಿ ನಡೆಸಿದಾಗ ಇವರು ಮಾಡಿದ್ದೇನು? ಪಾಸ್ ಇದ್ದವರು ಬಾಗಿಲಾಚೆ ಸಾಲಲ್ಲಿ, ಒಳಗೆ ಮಧ್ಯದ ಸೀಟುಗಳೆಲ್ಲ ಗಣ್ಯರಿಗೆ, ಆ ಗಣ್ಯರೋ ದೀಪ ಹಚ್ಚಿ ಫೋಟೊ ತೆಗೆಸಿಕೊಂಡು ನಾಪತ್ತೆ. ಭಾಷಣ ಮುಗಿಯದೆ ಸಿನಿಮಾ ತಡ, ತಡವಾಯಿತೆಂದು ಕೊನೆಯ ಪ್ರದರ್ಶನ ರದ್ದು. ವೇಳಾಪಟ್ಟಿ ಕೈಗೆ ಸಿಕ್ಕಿದ್ದು ಉತ್ಸವ ಅರ್ಧ ಮುಗಿದ ಮೇಲೆ. ಆಗ ಬರೆದ ದೂರಿಗೆ ಇವತ್ತಿಗೂ ಉತ್ತರವಿಲ್ಲ.

ದುಡ್ಡು ವಾಪಸ್ ಕೊಡಲಿ, ಇಲ್ಲವೇ ಸಿನಿಮಾ ನೆಟ್ಟಗೆ ತೋರಿಸಲಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಬೇಕು. ಸಂಬಂಧಪಟ್ಟವರು ಯಾರು ಅನ್ನುವುದನ್ನು ಅವರವರೇ ಕೂತು ತೀರ್ಮಾನ ಮಾಡಿಕೊಳ್ಳಲಿ, ಉದ್ಘಾಟನೆಗೆ ಜನ ಸಿಗುತ್ತಾರೆ, ಇದಕ್ಕೆ ಸಿಗುವುದಿಲ್ಲವೇ?

– ಒಬ್ಬ ಚಂದಾದಾರ