ನನ್ನ ಗುರುವಾರಗಳನ್ನು ಹೊತ್ತವರಿಗೆ

ಹೋದ ವಾರ ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನನ್ನ ಪಿಎಚ್‌.ಡಿ. ವೈವಾ ಮುಗಿಯಿತು. ಪಾಸು! ಆ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಅದಾಗಿ ಎರಡೇ ವರ್ಷಕ್ಕೆ ನಾನು ಬಿ.ಎಸ್ಸಿ. ನರ್ಸಿಂಗ್ ಸೇರಿದೆ. ಇಬ್ಬರೂ ಜೊತೆಗೇ ಬೆಳೆದೆವು ಅನ್ನಬಹುದು. ನನಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು, ಅಷ್ಟೆ.

ನನ್ನ ವಿಷಯ ಹಾಸಿಗೆ ಹುಣ್ಣು, ಅಂದರೆ ಬಹಳ ದಿನ ಮಲಗಿದಲ್ಲೇ ಇರುವ ರೋಗಿಗೆ ಒತ್ತಡದಿಂದ ಆಗುವ ಹುಣ್ಣು. ಅದು ಬರುವ ಮೊದಲೇ ಅಂದಾಜು ಮಾಡಲು ನಾವೆಲ್ಲ ಪಾಠ ಮಾಡುವ ಬ್ರೇಡನ್ ಸ್ಕೇಲ್ ಇದೆಯಲ್ಲ, 1987ರಲ್ಲಿ ಪ್ರಕಟವಾದದ್ದು. ಆರು ಅಂಶ, ಒಟ್ಟು 23 ಅಂಕ. ಅಂಕ ಇಳಿದಷ್ಟೂ ಅಪಾಯ ಜಾಸ್ತಿ. ಅದು ನರ್ಸ್‌ಗಳ ಕೈಗೆ ಸರಿ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಮಗಳಿಗೋ ಸೊಸೆಗೋ ಅರ್ಥವಾಗುವಂಥ ಪ್ರಶ್ನೆಗಳು ಕನ್ನಡದಲ್ಲಿ ಬೇಕು ಅಂತ ನಾನು ಹೊರಟೆ.

ಬರೆದೆ. ‘ರೋಗಿಯ ಚರ್ಮದ ಸಂವೇದನೆ ಕುಂದಿದೆಯೇ?’ ನನಗೇನೋ ಚೆನ್ನಾಗೇ ಕಂಡಿತ್ತು. ಮಾಗಡಿ ಕಡೆಯ ಒಬ್ಬ ಹೆಂಗಸನ್ನು ಕೇಳಿದರೆ ಆಕೆ ನನ್ನ ಮುಖವನ್ನೇ ನೋಡಿದರು. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಆಯಮ್ಮ ಕೋಲು ಗೋಡೆಗೆ ಒರಗಿಸಿ, ‘ಚಿವುಟಿದ್ರೆ ಗೊತ್ತಾಗತ್ತಾ ಅಂತ ಕೇಳಿ ಮೇಡಂ’ ಅಂದರು. ಆ ಹೆಂಗಸು ತಕ್ಷಣ, ‘ಎಡಗಾಲಲ್ಲಿ ಇಲ್ಲ, ಬಲಗಾಲಲ್ಲಿ ಗೊತ್ತಾಗತ್ತೆ’ ಅಂದರು. ಮೂರು ತಿಂಗಳು ನಿಘಂಟು ಹಿಡಿದು ಕೂತಿದ್ದೆ ನಾನು!

ಆಮೇಲೆ ಪ್ರತಿ ಪ್ರಶ್ನೆಯನ್ನೂ ಮೊದಲು ಆಯಮ್ಮನಿಗೆ ಓದಿ ಹೇಳುತ್ತಿದ್ದೆ. ರೋಗಿಯನ್ನು ಹಾಸಿಗೆ ಮೇಲೆ ದರದರ ಎಳೆದರೆ ಚರ್ಮ ಒಳಗೊಳಗೇ ಜಗ್ಗಿ ಹಾಳಾಗುತ್ತದೆ. ಇಬ್ಬರು ಸೇರಿ ಬೆಡ್‌ಶೀಟ್ ಸಮೇತ ಎತ್ತಬೇಕು. ಇದನ್ನು ಹೇಳುವ ‘ದರದರ’ ಕೂಡ ಅವರದ್ದೇ ಪದ. ಅನುವಾದವನ್ನು ತಿರುಗಿ ಇಂಗ್ಲಿಷಿಗೆ ತಂದು ತಾಳೆ ನೋಡಿದ ಇಬ್ಬರು ಮೇಷ್ಟ್ರು, ಈ ಪದಗಳಲ್ಲಿ ಒಂದನ್ನೂ ಮುಟ್ಟಬೇಡಿ ಅಂದರು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನನ್ನ ಗೈಡ್ ಹೆಸರಿನ ಕೆಳಗೇ ಆಯಮ್ಮನ ಹೆಸರಿದೆ. ತೋರಿಸಿದಾಗ, ‘ಫೋಟೋ ಹಾಕಿಲ್ವಾ?’ ಅಂದರು.

2020ರಲ್ಲಿ ವಾರ್ಡ್‌ಗಳೆಲ್ಲ ಕೋವಿಡ್‌ಗೆ ಹೋಗಿ ನನ್ನ ಕೆಲಸ ನಿಂತೇ ಹೋಯಿತು. ಒಂದು ಜರ್ನಲ್ ಎಂಟು ತಿಂಗಳು ಕಾಯಿಸಿ ಒಂದೇ ಸಾಲಿನಲ್ಲಿ ಬೇಡ ಅಂದಿತು. ಅದನ್ನು ಈಗ ಎಳೆದಾಡುವುದು ಬೇಡ.

ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ ಮಾತ್ರ ಇಲ್ಲೇ ಹೇಳಬೇಕು. ಹಾಸಿಗೆ ಹುಣ್ಣಾದರೆ ಸಾಮಾನ್ಯವಾಗಿ ತಪ್ಪು ರೋಗದ್ದಲ್ಲ, ಶುಶ್ರೂಷೆಯದ್ದು ಅಂತ ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಬರೆದಿದ್ದಾರೆ. ಕ್ಲಾಸಿನಲ್ಲಿ ಎಷ್ಟೋ ವರ್ಷ ಅದನ್ನೇ ಹೇಳಿಕೊಟ್ಟೆ. ಒಬ್ಬರೇ ಇಡೀ ವಾರ್ಡ್ ಹಿಡಿದುಕೊಂಡು, ಎರಡು ಗಂಟೆಗೊಮ್ಮೆ ರೋಗಿಗಳನ್ನು ಮಗ್ಗುಲು ಬದಲಿಸುತ್ತಾ, ನಡುವೆ ನನ್ನ ಫಾರ್ಮೂ ತುಂಬಿದ ನಿಮ್ಮನ್ನು ನೋಡಿದ ಮೇಲೆ ಆ ಮಾತನ್ನು ಅಷ್ಟು ಸಲೀಸಾಗಿ ಹೇಳಲಾರೆ.

ಮನೆಯವರಿಗೆ ಮನೆಯಲ್ಲೇ ಹೇಳಿದ್ದೇನೆ. ಉಳಿದದ್ದು ನನ್ನ ಡಿಪಾರ್ಟ್‌ಮೆಂಟಿನ ಇಬ್ಬರು. ಮೂರು ವರ್ಷ ನನ್ನ ಗುರುವಾರದ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ವಾರ್ಡ್‌ನಲ್ಲಿ ವಿದ್ಯಾರ್ಥಿನಿಯರಿಗೆ ಕೆಲಸ ಕಲಿಸುವ ಪಾಳಿ, ನೋಡಿಕೊಂಡವರು, ಒಮ್ಮೆಯೂ ಲೆಕ್ಕ ಹೇಳದವರು. ಅವರಲ್ಲಿ ಒಬ್ಬರಿಗೆ ಈ ವರ್ಷ ಪಿಎಚ್‌.ಡಿ. ರಿಜಿಸ್ಟ್ರೇಷನ್ ಆಗಿದೆ. ಮೇಡಂ, ಮುಂದಿನ ವಾರದಿಂದ ನಿಮ್ಮ ಗುರುವಾರ ನನ್ನದು. ಹುಡುಗಿಯರ ಲಾಗ್‌ಬುಕ್‌ಗೆ ಸೈನ್ ಹಾಕುವುದೂ ಸೇರಿ.