ಈ ವಾರದ ಕೆಲಸ: ಎರಡು ಬಾರ್ ಲೂಪ್, 90 ಬಿಪಿಎಂ

ಎಲ್ಲರ ಗಮನಕ್ಕೆ. ಹಳೇ ಹಾಡಿನಿಂದ ಎರಡು ಬಾರ್ (ಒಂದು ಬಾರ್ ಅಂದ್ರೆ ನಾಲ್ಕು ಬಡಿತ) ತುಣುಕು ತೆಗೆದು 90 ಬಿಪಿಎಂಗೆ (ನಿಮಿಷಕ್ಕೆ 90 ಬಡಿತ) ಬೀಟ್ ಕಟ್ಟಿ. ಆ ವೇಗದಲ್ಲಿ ಎರಡು ಬಾರ್ ಅಂದ್ರೆ 5.33 ಸೆಕೆಂಡ್. ಲೂಪ್ (ಮತ್ತೆ ಮತ್ತೆ ಸುತ್ತೋ ಆ ತುಣುಕು) 5.40 ಇದ್ರೆ ಮೊದಲ ಸುತ್ತಲ್ಲಿ ಗೊತ್ತಾಗಲ್ಲ, ನಾಲ್ಕನೇ ಸುತ್ತಿಗೆ ಡ್ರಮ್ ಮುಂದೆ ಓಡಿರುತ್ತೆ.

ಸದ್ದಿನ ಅಲೆ ಸೊನ್ನೆ ಗೆರೆ ದಾಟುವಲ್ಲೇ ಕತ್ತರಿಸಿ, ಇಲ್ಲಾಂದ್ರೆ ಪ್ರತಿ ಸುತ್ತಿಗೂ 'ಟಿಕ್' ಅನ್ನುತ್ತೆ. ತುದಿಗೆ 3 ಮಿಲಿಸೆಕೆಂಡ್ ಫೇಡ್ (ಸದ್ದನ್ನು ಮೆಲ್ಲಗೆ ಇಳಿಸೋದು) ಸಾಕು.

ಬೇಸ್ (ತಗ್ಗು ಸ್ವರ) ಮಸುಕಾಗಿದೆ ಅನ್ನೋರು ಕೇಳಿ: ಸ್ಯಾಂಪಲ್ (ಹಳೇ ಹಾಡಿಂದ ತೆಗೆದ ತುಣುಕು) ಒಳಗಿನ ಬೇಸೇ ನಿಮ್ಮ ಬೇಸ್ ಜೊತೆ ಗುದ್ದಾಡ್ತಿರೋದು. ಸ್ಯಾಂಪಲ್‌ಗೆ 150 ಹರ್ಟ್ಸ್‌ನಲ್ಲಿ ಹೈಪಾಸ್ (ಅದಕ್ಕಿಂತ ತಗ್ಗಿನ ಸದ್ದನ್ನು ತಗ್ಗಿಸೋ ಫಿಲ್ಟರ್) ಹಾಕಿ, ಆಮೇಲೆ ಅದೇ ಶ್ರುತಿಯಲ್ಲಿ ನಿಮ್ಮ ಬೇಸ್ ನುಡಿಸಿ. ವಾಲ್ಯೂಮ್ ಏರಿಸೋದು ಪರಿಹಾರ ಅಲ್ಲ.

ಹೈಹ್ಯಾಟ್ (ಡ್ರಮ್‌ನ ಜೋಡಿ ತಾಳ) ಸ್ವಿಂಗ್ 54ರಿಂದ 58 ಶೇಕಡಾ ಇರಲಿ. ಸ್ವಿಂಗ್ ಅಂದ್ರೆ ಎರಡೆರಡು ಪೆಟ್ಟಿನ ಜೋಡಿಯಲ್ಲಿ ಮೊದಲ ಪೆಟ್ಟಿಗೆ ಸಿಗೋ ಸಮಯದ ಪಾಲು, 50 ಅಂದ್ರೆ ಸಮ. 66 ದಾಟಿದ್ರೆ ಅದು ಹೆಚ್ಚುಕಮ್ಮಿ ತಿಶ್ರ ನಡೆ (ಬಡಿತಕ್ಕೆ ಮೂರು ಸಮ ಪಾಲು), ತಲೆ ತೂಗಲ್ಲ.

ಒರಟು ಸದ್ದು ಬೇಕಾ? 1987ರ ಸ್ಯಾಂಪ್ಲರ್ ಯಂತ್ರ ಎಸ್‌ಪಿ-1200ರಲ್ಲಿ ಸದ್ದು ತುಂಬಿಸೋಕೆ ಜಾಗ ಬರೀ 10 ಸೆಕೆಂಡ್. ಅದಕ್ಕೇ ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಲ್ಲಿ ಓಡಿಸಿ ತುಂಬಿಸಿ, ಒಳಗೆ ಪಿಚ್ ಇಳಿಸ್ತಿದ್ರು. ನೀವೂ ತುಣುಕನ್ನು 5 ಸೆಮಿಟೋನ್ (ಅರ್ಧ ಸ್ವರ) ಏರಿಸಿ, 12 ಬಿಟ್, 26 ಕಿಲೋಹರ್ಟ್ಸ್‌ಗೆ ಇಳಿಸಿ, ಮತ್ತೆ 5 ಕೆಳಗಿಳಿಸಿ. ಟೈಮ್‌ಸ್ಟ್ರೆಚ್ (ಪಿಚ್ ಬದಲಾದ್ರೂ ವೇಗ ಹಾಗೇ ಉಳಿಸೋ ಸೌಲಭ್ಯ) ಆಫ್ ಇರಲಿ.

ಭಾನುವಾರ ರಾತ್ರಿ 9ರೊಳಗೆ ವೇವ್ ಫೈಲ್ ಹಾಕಿ. ಎಂಪಿ3 ಬೇಡ.